ಮೌಸ್ ಮುಟ್ಟಬೇಡಿ: ಹಿರಿಯ ಮೇಷ್ಟ್ರಿಗೆ ಆನ್‌ಲೈನ್ ಕ್ಲಾಸ್‌ರೂಮ್ ಕಲಿಸೋದು ಹೇಗೆ?

ಕಾಲೇಜಿನಲ್ಲಿ ಆನ್‌ಲೈನ್ ತರಬೇತಿ ಎಂದರೆ ಸೆಮಿನಾರ್ ಹಾಲ್, ಪಿಪಿಟಿ, ನಡುವೆ ಟೀ ಬಿಸ್ಕೆಟ್, ಕೊನೆಗೆ ಸರ್ಟಿಫಿಕೇಟ್. ಮರುದಿನ ಎಲ್ಲರೂ ಹಳೇ ವಾಟ್ಸ್‌ಆಪ್ ಗ್ರೂಪಿಗೇ ವಾಪಸ್. ಪದವಿ ಕಾಲೇಜಿನಲ್ಲಿ ಪಾಠ ಮಾಡುವ ನಾನೂ ಇಂಥವು ನಾಲ್ಕೈದು ನಡೆಸಿದ್ದೇನೆ. ಒಬ್ಬರೂ ಬದಲಾಗಲಿಲ್ಲ. ಬದಲಾಗಿದ್ದು ಸ್ಟಾಫ್‌ರೂಮಿನಲ್ಲಿ, ಒಬ್ಬೊಬ್ಬರ ಪಕ್ಕ ಕೂತಾಗ.

1. ಕಿರಿಕಿರಿ ಯಾವುದು ಎಂದು ಕೇಳಿ. ‘ಡಿಜಿಟಲ್’ ಎಂಬ ಪದವನ್ನೇ ಎತ್ತಬೇಡಿ. ‘ನಿಮ್ಮ ಭಾನುವಾರ ತಿನ್ನೋ ಕೆಲಸ ಯಾವುದು ಸರ್?’ ಎನ್ನಿ. ಇಂಟರ್ನಲ್ ಟೆಸ್ಟ್ ತಿದ್ದೋದು ಎನ್ನುತ್ತಾರೆ. ಇಲ್ಲವೇ, ‘ನಾನು ಅಸೈನ್‌ಮೆಂಟ್ ಕೊಟ್ಟಿದ್ದೆ, ನೀವೇ ಕಳೆದಿದ್ದೀರಿ’ ಎನ್ನುವ ಹುಡುಗರ ಕಾಟ. ಅಲ್ಲಿಂದಲೇ ಶುರು ಮಾಡಿ.

2. ಒಂದೇ ಒಂದು ಟೂಲ್ ಆರಿಸಿ. ನನ್ನ ಆಯ್ಕೆ ಗೂಗಲ್ ಕ್ಲಾಸ್‌ರೂಮ್, ಅಂದರೆ ಟೆಸ್ಟ್, ಅಸೈನ್‌ಮೆಂಟ್ ಕೊಟ್ಟು ಪಡೆಯುವ ಆನ್‌ಲೈನ್ ತರಗತಿ. 2014ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಹುಡುಗರ ಮೊಬೈಲಿನಲ್ಲೂ ನಡೆಯುತ್ತದೆ. ಇಂಥದೇ ಇನ್ನೊಂದು ಟೂಲ್ ಮೂಡಲ್ ಅದಕ್ಕಿಂತ ಹಳೆಯದು, ಉಚಿತವೂ ಹೌದು. ಆದರೆ ಸರ್ವರ್ ನೋಡಿಕೊಳ್ಳಲು ಒಬ್ಬ ಆಸಾಮಿ ಬೇಕು. ಅಂಥವರಿಲ್ಲದಿದ್ದರೆ ಆ ಕಡೆ ತಲೆ ಹಾಕಬೇಡಿ. ಮಾರಲು ಬರುವ ಆಪ್‌ಗಳಿಗಂತೂ ಬಾಗಿಲು ಹಾಕಿ. ನಾವು ಒಂದಕ್ಕೆ ದುಡ್ಡು ತೆತ್ತೆವು. ಪ್ರತಿ ಲಾಗಿನ್‌ಗೂ ಓಟಿಪಿ ಬೇಕು. ಅದು ಹೋಗುತ್ತಿದ್ದುದು ಪ್ರಿನ್ಸಿಪಾಲರ ಫೋನಿಗೆ!

3. ಕ್ಲಾಸ್ ತೆರೆಯಿರಿ, ಹುಡುಗರು ಅದಕ್ಕೆ ಸೇರಲು ಬೇಕಾದ ಕೋಡ್ ಬೋರ್ಡಿನ ಮೇಲೆ ಬರೆಯಿರಿ. ಐದು ನಿಮಿಷ ಸಾಕು.

4. ಪಕ್ಕ ಕೂರಿ, ಕೈ ಕಟ್ಟಿಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ. ಮೇಷ್ಟ್ರು ಬಟನ್ ಹುಡುಕುತ್ತಾ ಇದ್ದರೆ ನಮಗೆ ತಡೆಯೋಕಾಗಲ್ಲ. ‘ಕೊಡಿ ಸರ್ ಇಲ್ಲಿ’ ಎಂದು ಮೌಸ್ ಕಿತ್ತುಕೊಂಡು ಟಕಟಕ ಮುಗಿಸುತ್ತೇವೆ. ಅವರು ತಲೆಯಾಡಿಸುತ್ತಾರೆ. ಆಮೇಲೆ ಅದನ್ನು ಮುಟ್ಟುವುದೇ ಇಲ್ಲ. ಎಷ್ಟೇ ತಡವಾಗಲಿ, ಕ್ಲಿಕ್ ಅವರದೇ ಇರಲಿ. ನಾನು ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂರುತ್ತೇನೆ.

ನಮ್ಮ ಕನ್ನಡ ಮೇಷ್ಟ್ರೊಬ್ಬರ ಜೊತೆ ಹೀಗೆ ಕೂತಿದ್ದೆ. ‘ಕ್ಲಾಸ್‌ವರ್ಕ್’ನಲ್ಲಿ ‘ಕ್ವಿಜ್ ಅಸೈನ್‌ಮೆಂಟ್’ ಒತ್ತಿದರು, ಪ್ರಶ್ನೆ ತುಂಬುವ ಗೂಗಲ್ ಫಾರ್ಮ್ ತೆರೆಯಿತು. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲಿನಿಂದ ಪ್ರಶ್ನೆ ಕಾಪಿ ಮಾಡಿ ಹಾಕಿದರೆ ಪರದೆ ತುಂಬಾ ಯಾವುದೋ ಗ್ರಹದ ಲಿಪಿ! ‘ನೋಡಿದ್ರಾ? ಇದಕ್ಕೇ ನಾನು ಬೇಡ ಅಂದಿದ್ದು’ ಎಂದು ಎದ್ದೇಬಿಟ್ಟರು. ತಪ್ಪು ಅವರದಲ್ಲ, ಹಳೇ ಫಾಂಟಿನದು. ಅದನ್ನು ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳು ಇಂಟರ್ನೆಟ್‌ನಲ್ಲಿವೆ. ಹಿಂದಿನ ರಾತ್ರಿಯೇ ಆ ಕೆಲಸ ನೀವು ಮುಗಿಸಿಡಿ. ಅರ್ಕಾವೊತ್ತು ಜಾಗ ತಪ್ಪಿದೆಯಾ ಎಂದು ಕಣ್ಣಾಡಿಸಿ.

ಇನ್ನೊಂದು ಬಲೆ ಇದೆ. ಮೊದಲ ಟೆಸ್ಟಿಗೆ ಬಹು ಆಯ್ಕೆಯ ಹತ್ತು ಪ್ರಶ್ನೆ ಮಾತ್ರ ಇರಲಿ. ಒಂದು ಪದದ ಉತ್ತರ ಬರೆಸಬೇಡಿ. ಪಂಪನ ಆಶ್ರಯದಾತ ಯಾರು ಎಂದು ಕೇಳಿ, ‘ಅರಿಕೇಸರಿ’ ಎಂದಷ್ಟೇ ಸರಿಯುತ್ತರ ಫಾರ್ಮ್‌ಗೆ ಕೊಟ್ಟಿರುತ್ತೀರಿ. ‘ಇಮ್ಮಡಿ ಅರಿಕೇಸರಿ’ ಎಂದು ಬರೆದ ಜಾಣೆಗೆ ಸೊನ್ನೆ ಬೀಳುತ್ತದೆ. ಮೇಷ್ಟ್ರ ನಂಬಿಕೆಯೂ ಅಲ್ಲಿಗೇ ಮುಗಿಯಿತು.

5. ಹುಡುಗರಿಗೆ ಕಳಿಸುವ ಮುನ್ನ ನಿಮ್ಮ ಇನ್ನೊಂದು ಜಿಮೇಲ್‌ನಿಂದ ವಿದ್ಯಾರ್ಥಿಯಾಗಿ ಸೇರಿ ಟೆಸ್ಟ್ ಬರೆಯಿರಿ. ತಪ್ಪು ಮೊದಲು ನಿಮಗೇ ಸಿಗಲಿ. ಗಡುವು ಬೆಳಿಗ್ಗೆ ಹತ್ತಕ್ಕೆ ಬೇಡ, ರಾತ್ರಿ ಒಂಬತ್ತಕ್ಕಿರಲಿ. ಎಷ್ಟೋ ಮನೆಗಳಲ್ಲಿ ಇರೋದು ಅಪ್ಪನ ಒಂದೇ ಫೋನ್, ಅವರು ಬರೋದು ಸಂಜೆ.

6. ಫಲಿತಾಂಶ ಜೊತೆಗೆ ನೋಡಿ. ಅಂಕದ ಪಟ್ಟಿ ಬಿಡಿ. ಫಾರ್ಮ್‌ನ ‘ರೆಸ್ಪಾನ್ಸಸ್’ ಒತ್ತಿ, ಜಾಸ್ತಿ ಜನ ತಪ್ಪಿದ ಪ್ರಶ್ನೆ ಯಾವುದು ಎಂದು ತೋರಿಸಿ. ನಮ್ಮ ಮೇಷ್ಟ್ರು ಕನ್ನಡಕ ಏರಿಸಿ, ‘ಏಳನೇದು ಅರ್ಧ ಕ್ಲಾಸು ತಪ್ಪಿದೆಯಲ್ರೀ, ನಾಳೆ ಮತ್ತೆ ಹೇಳ್ಬೇಕು’ ಎಂದರು. ಪೇಪರ್ ಕಟ್ಟು ತಿದ್ದಿ ಮುಗಿಸುವ ಹೊತ್ತಿಗೆ ಇದನ್ನು ಗಮನಿಸಲು ಯಾರಿಗೆ ಪುರಸೊತ್ತು?

ಇಷ್ಟಾದ ಮೇಲೆ ಸುಮ್ನಿರಿ. ‘ಈಗ ಗೂಗಲ್ ಮೀಟ್ ಕಲಿಯೋಣ’ ಎಂದು ಬೆನ್ನು ಹತ್ತಬೇಡಿ. ಅವರು ಮೂರು ವಾರ ಬರೀ ಹತ್ತು ಪ್ರಶ್ನೆಯ ಟೆಸ್ಟ್ ಕೊಟ್ಟರು. ನಾಲ್ಕನೇ ವಾರ ಕಾರಿಡಾರಿನಲ್ಲಿ ನನ್ನನ್ನು ತಡೆದು ಕೇಳಿದರು: ‘ಅಲ್ರೀ, ಈ ಅಸೈನ್‌ಮೆಂಟ್ ತಡವಾಗಿ ಕೊಡೋರನ್ನ ಇದೇ ಹಿಡಿದುಕೊಡುತ್ತಂತಲ್ಲ, ಎಲ್ಲಿದೆ ಅದು?’