ಜೀಪಿನ ಹೌಸಿಂಗಿಗೆ 140 ಆಯಿಲ್ ಬಿಟ್ಟು 90 ಹಾಕಿದ್ದು

ನನ್ನದು 1991ರ ಮಾಡೆಲ್ ಮಹೀಂದ್ರ ಎಂಎಂ 540 ಜೀಪು. ಮೂಡಿಗೆರೆ ಕಡೆಯ ತೋಟದ ಗಾಡಿ. ಕಾಫಿ ಮೂಟೆ, ಗೊಬ್ಬರ, ಮಳೆಗಾಲದಲ್ಲಿ ಹಳ್ಳ ದಾಟೋದು ಎಲ್ಲ ಇದರಲ್ಲೇ. ಸ್ಪೀಡು ನಲವತ್ತು ದಾಟಿದ್ರೆ ಹಿಂದಿನ ಹೌಸಿಂಗ್, ಅಂದ್ರೆ ಹಿಂದಿನ ಚಕ್ರ ತಿರುಗಿಸೋ ಗೇರ್ ಇರೋ ಡಬ್ಬ, ಗುಂಯ್ ಅನ್ನೋದು. ಜೊತೆಗೆ ಎಡಗಡೆ ಡ್ರಮ್ಮಿಗೆ ಆಯಿಲ್ ಇಳಿದು ಬ್ರೇಕೇ ಹಿಡೀತಿರಲಿಲ್ಲ.

"ಗೌಡ್ರೇ, ಹಳೇ ಗಾಡಿಗೆ ದಪ್ಪನೆ 140 ಗೇರ್ ಆಯಿಲ್ ಹಾಕ್ಸಿ. ಸೌಂಡೂ ಹೋಗುತ್ತೆ, ಲೀಕೂ ನಿಲ್ಲುತ್ತೆ" ಅಂದ್ರು ಮೇಸ್ತ್ರಿ. ಸೌಂಡ್ ಒಂದು ತಿಂಗಳು ಅಡಗಿತು. ಲೀಕ್ ನಿಲ್ಲಲಿಲ್ಲ. ಸೀಲ್ ಎರಡು ಸಲ, ಬ್ರೇಕ್ ಲೈನರ್ ಎರಡು ಸಲ ಹಾಕಿಸಿ ನಾಲ್ಕೈದು ಸಾವಿರ ಹೋಯ್ತು. ಆಮೇಲೆ ಹೌಸಿಂಗ್ ಒಳಗಿನ ಗೇರ್ ಜೋಡಿ, ಕ್ರೌನ್ ಪಿನಿಯನ್ನೇ ಹೋಗಿದೆ, ಹದಿನೈದು ಸಾವಿರದ ಮೇಲಾಗುತ್ತೆ ಅಂದ್ರು.

ಸಿಟ್ಟಿಗೆ ನಾನೇ ಕವರ್ ಬಿಚ್ಚಿದೆ. ಆಯಿಲ್ ಅಲ್ಲ, ನೀರು ಸೇರಿ ಹಾಲು ಹಾಕಿದ ಟೀ ಆಗಿತ್ತು! ಹೌಸಿಂಗಿಗೆ ಉಸಿರಾಡೋ ತೂತು, ಬ್ರೀದರ್, ನೋಡಿದ್ರೆ ಕೆಸರು ಕಲ್ಲಾಗಿ ಕೂತಿತ್ತು. ಬಿಸಿಯಾದಾಗ ಒಳಗಿನ ಗಾಳಿ ಸೀಲನ್ನೇ ನೂಕಿ ಆಯಿಲ್ ಹೊರಗೆ ಕಳಿಸೋದು. ಹಳ್ಳಕ್ಕಿಳಿದು ತಣ್ಣಗಾದಾಗ ಅದೇ ದಾರೀಲಿ ನೀರು ಒಳಗೆ. ಇದಕ್ಕೆ ಎಷ್ಟು ದಪ್ಪದ್ದು ಹಾಕಿದ್ರೇನು?

ಹಲ್ಲು ಸವೆದಿತ್ತು, ಮುರಿದಿರಲಿಲ್ಲ. ಡಿಸೆಂಬರ್ ಒಂದು ರಾತ್ರಿ 140, 85ಡಬ್ಲ್ಯೂ-140, 80ಡಬ್ಲ್ಯೂ-90 (ಡಬ್ಲ್ಯೂ ಇರೋದು ಚಳೀಲಿನ ದಪ್ಪ, ಕೊನೇದು ಬಿಸೀಲಿನದು) ಮೂರನ್ನೂ ಬಾಟಲಿಯಲ್ಲಿ ಅಂಗಳದಲ್ಲಿಟ್ಟು ಬೆಳಿಗ್ಗೆ ಬಗ್ಗಿಸಿದೆ. 140 ಜೋನಿಬೆಲ್ಲದ ಥರ. ಅದು ಪಿನಿಯನ್ ಬೇರಿಂಗಿಗೆ ಮುಟ್ಟೋ ಹೊತ್ತಿಗೆ ನಾನು ಬಣಕಲ್ ಸೇರಿರ್ತೀನಿ! ಮೇಲಾಗಿ ಬ್ಯಾರೆಲ್ಲಿಂದ ಅಳೆದು ಕೊಟ್ಟ ಆ 140 ಬರೀ ಜಿಎಲ್-4 (ಒತ್ತಡ ತಡೆಯೋ ದರ್ಜೆ, 5 ಅದಕ್ಕಿಂತ ಗಟ್ಟಿ). ಹಿಂದಿನ ಹೈಪಾಯ್ಡಿಗೆ, ಅಂದ್ರೆ ಹಲ್ಲು ಒಂದಕ್ಕೊಂದು ಜಾರಿಕೊಂಡು ತಿರುಗೋ ಆ ಗೇರ್ ಜೋಡಿಗೆ, ಜಿಎಲ್-5 ಬೇಕು. ಒಂದೂಕಾಲು ಲೀಟರಿನ ಆಸುಪಾಸು 80ಡಬ್ಲ್ಯೂ-90 ಜಿಎಲ್-5 ಹಿಡಿಸ್ತು, ಐನೂರರ ಒಳಗೆ. ಮಿಕ್ಕಿದ್ದನ್ನ ಗೇರ್‌ಬಾಕ್ಸಿಗೆ ಸುರೀಬೇಡಿ, ಅಲ್ಲಿ ಹಿತ್ತಾಳೆ ರಿಂಗ್ ಇರುತ್ತೆ, ಅದಕ್ಕೆ ಜಿಎಲ್-4ಏ ಸರಿ. ನಾನು ಸುರಿದು, ಎರಡನೇ ಗೇರ್ ಕಿರಿಕಿರಿ ಶುರುವಾಗಿ, ವಾರಕ್ಕೇ ತೆಗೆದೆ. ಹೊಸ ಆಯಿಲ್ ದುಡ್ಡು ದಂಡ.

ಬ್ರೀದರಿಗೆ ಡೀಸೆಲ್ ಪೈಪ್ ಸಿಕ್ಕಿಸಿ ಸೀಟಿನ ಎತ್ತರಕ್ಕೆ ಎಳೆದಿದ್ದೀನಿ. ಪೈಪಿನ ತುದಿಗೆ ಏನು ಮಾಡಿದ್ದೀನಿ ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ. ಒಳಗಿನ ಕಬ್ಬಿಣದ ಪುಡಿ ಹಿಡಿಯಲಿ ಅಂತ ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನ ಹೌಸಿಂಗ್ ತಳಕ್ಕೆ ಹೊರಗಿಂದ ಅಂಟಿಸಿಯೂ ನೋಡಿದೆ. ಮೊದಲ ಹಳ್ಳದಲ್ಲೇ ತೇಲಿಹೋಯ್ತೋ ಮುಳುಗಿಹೋಯ್ತೋ, ಆಮೇಲೆ ಕಾಣಲಿಲ್ಲ.

ಚಾರ್ಮಾಡಿ ಹತ್ತಿ ಬಂದು ಹೌಸಿಂಗ್ ಮುಟ್ಟಿದ್ರೆ ಮುಂಚೆ ಕೈ ಸುಡೋದು, ಈಗ ಹತ್ತು ಎಣಿಸೋವರೆಗೆ ಇಡಬಹುದು. ಗುಂಯ್ ಇನ್ನೂ ಇದೆ, ಐವತ್ತರ ಮೇಲೆ, ಸಣ್ಣಗೆ. ಎರಡು ಮಳೆಗಾಲ ಕಳೀತು, ಡ್ರಮ್ ಒಣಗೇ ಇದೆ. ಮೊನ್ನೆ ಅದೇ ಮೇಸ್ತ್ರಿ ಬೇರೆ ಯಾರದೋ ಜೀಪಿಗೆ ಪೈಪ್ ಎಳೀತಿದ್ರು, ತುದಿ ಹೇಗೆ ಅಂತ ಕೇಳಿದ್ರು. ಕಾಫಿ ಕುಡಿಸಿ ಕಳಿಸಿದೆ.