ಹುಟ್ಟಿಸಿದ ಪಾಸ್‌ವರ್ಡ್ ಸೇವ್ ಆಗದೆ ಕಳೆದುಹೋಗುತ್ತಿದ್ದರೆ

ಲಕ್ಷಣ ಇಷ್ಟು: ನೋಂದಣಿ ಪುಟದಲ್ಲಿ ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್ ಹುಟ್ಟಿಸಿ ಕಾಪಾಡುವ ಆ್ಯಪ್) ಕೊಟ್ಟ ಪಾಸ್‌ವರ್ಡ್ ತುಂಬಿದರೆ ಖಾತೆ ಆಗುತ್ತದೆ, ಆದರೆ ‘ಸೇವ್ ಮಾಡಲೇ?’ ಎಂಬ ಪ್ರಶ್ನೆ ಬರುವುದೇ ಇಲ್ಲ. ಮುಂದಿನ ಸಲ ಲಾಗಿನ್ ಆಗಲು ಹೋದರೆ ವಾಲ್ಟ್‌ನಲ್ಲಿ, ಅಂದರೆ ಮ್ಯಾನೇಜರ್ ಪಾಸ್‌ವರ್ಡ್‌ಗಳನ್ನು ಇಡುವ ಜಾಗದಲ್ಲಿ, ಏನೂ ಇರುವುದಿಲ್ಲ.

ಬ್ರೌಸರಿಗೆ ಸೇರಿಸಿದ ಮ್ಯಾನೇಜರ್‌ನ ಎಕ್ಸ್‌ಟೆನ್ಶನ್ ತೆಗೆದು ಮತ್ತೆ ಹಾಕಿದ್ದು, ಕ್ಯಾಶ್ ಅಳಿಸಿದ್ದು ಉಪಯೋಗಕ್ಕೆ ಬರಲಿಲ್ಲ. ಬ್ರೌಸರಿನದೇ ಪಾಸ್‌ವರ್ಡ್ ಸೇವ್ ಸೌಲಭ್ಯ ಆಫ್ ಮಾಡಿದಾಗ ಎರಡು ಪಾಪ್‌ಅಪ್‌ಗಳ ಗೊಂದಲ ತಪ್ಪಿತು, ಅಷ್ಟೇ. ಕಾರಣ ಬೇರೆ ಇತ್ತು. ಹಲವು ತಾಣಗಳು ಫಾರಂ ಅನ್ನು ಪುಟ ಬದಲಿಸದೆ ಜಾವಾಸ್ಕ್ರಿಪ್ಟ್ ಮೂಲಕ ಕಳಿಸುತ್ತವೆ, ಅಥವಾ ಇಮೇಲ್ ಒಂದು ಪುಟದಲ್ಲಿ, ಪಾಸ್‌ವರ್ಡ್ ಇನ್ನೊಂದರಲ್ಲಿ ಕೇಳುತ್ತವೆ. ಸಬ್ಮಿಟ್ ಆದದ್ದು ಎಕ್ಸ್‌ಟೆನ್ಶನ್‌ಗೆ ತಿಳಿಯುವುದೇ ಇಲ್ಲ.

ಕೆಲಸ ಮಾಡಿದ್ದು ಕ್ರಮವನ್ನು ತಿರುಗಿಸಿದಾಗ. ಮೊದಲು ವಾಲ್ಟ್‌ನಲ್ಲೇ ಹೊಸ ಲಾಗಿನ್ ತೆರೆಯಿರಿ. ತಾಣದ ವಿಳಾಸ, ಬಳಸುವ ಇಮೇಲ್ ಹಾಕಿ, ಅಲ್ಲೇ 20 ಅಕ್ಷರದ ಪಾಸ್‌ವರ್ಡ್ ಹುಟ್ಟಿಸಿ ಸೇವ್ ಮಾಡಿ. ಆಮೇಲೆಯೇ ನೋಂದಣಿ ಪುಟಕ್ಕೆ ಬಂದು ಆ ಲಾಗಿನ್‌ನಿಂದ ಆಟೋಫಿಲ್ ಮಾಡಿ, ಸಬ್ಮಿಟ್ ಒತ್ತಿ.

ಇನ್ನೊಂದು ಹೊಂಡವಿದೆ. ಕೆಲವು ತಾಣಗಳು 16ನೇ ಅಕ್ಷರದ ನಂತರದ್ದನ್ನು ಸುಳಿವು ಕೊಡದೆ ಕತ್ತರಿಸುತ್ತವೆ. ಹಾಗಾಗಿ ಸಬ್ಮಿಟ್‌ಗೆ ಮುಂಚೆ ಪಾಸ್‌ವರ್ಡ್ ತೋರಿಸುವ ಕಣ್ಣಿನ ಗುರುತು ಒತ್ತಿ ಕೊನೆಯ ನಾಲ್ಕು ಅಕ್ಷರ ವಾಲ್ಟ್‌ನದಕ್ಕೆ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಉದ್ದ ಇಳಿಸಿ ಹೊಸದನ್ನು ಹುಟ್ಟಿಸಿ, ವಾಲ್ಟ್‌ನಲ್ಲೂ ಸೇವ್ ಮಾಡಿ. ಖಾತೆ ಆದ ತಕ್ಷಣ ಲಾಗ್‌ಔಟ್ ಆಗಿ, ಸೇವ್ ಆದ ಪಾಸ್‌ವರ್ಡ್‌ನಿಂದಲೇ ಒಮ್ಮೆ ಒಳಬಂದು ನೋಡಿ.

ಪಾಸ್‌ವರ್ಡ್ ಈಗಾಗಲೇ ಕಳೆದಿದ್ದರೆ ಮ್ಯಾನೇಜರ್‌ನಲ್ಲಿ ಪಾಸ್‌ವರ್ಡ್ ಹುಟ್ಟಿಸುವ ಭಾಗವಾದ ಜನರೇಟರ್‌ನ ಹಿಸ್ಟರಿ ತೆರೆಯಿರಿ. ಬಿಟ್‌ವಾರ್ಡನ್ ಎಂಬ ಮ್ಯಾನೇಜರ್‌ನಲ್ಲಿ ಇದು ಪಾಸ್‌ವರ್ಡ್ ಹುಟ್ಟಿಸಿದ ಸಾಧನದಲ್ಲಿ ಮಾತ್ರ ಸಿಗುತ್ತದೆ.