ಕ್ಯಾಲಿಫೋರ್ನಿಯಾದ ಗುಡ್ಡದ ಪಕ್ಕ ಮನೆ ಮಾಡಿದ್ದೀರಾ?

ಸಾರಟೋಗಾ, ಲಾಸ್ ಗ್ಯಾಟೋಸ್ ಕಡೆ ಗುಡ್ಡದ ಮನೆ ಸಿಕ್ಕರೆ ನಮ್ಮವರಿಗೆ ಮಲೆನಾಡೇ ಸಿಕ್ಕಷ್ಟು ಖುಷಿ. ಆದರೆ ಊರಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಇಲ್ಲಿ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. ಅಕ್ಟೋಬರ್ ಸುಮಾರಿಗೆ ಒಳನಾಡಿಂದ ಒಣಗಾಳಿ ಬೀಸಿತೋ, ಹವಾಮಾನ ಇಲಾಖೆ 'ರೆಡ್ ಫ್ಲ್ಯಾಗ್' ಎಚ್ಚರಿಕೆ ಕೊಡುತ್ತದೆ, ಅಂದರೆ ಕಿಡಿ ಬಿದ್ದರೆ ಕಾಡಿನ ಬೆಂಕಿ ಬೇಗ ಹಬ್ಬುವ ಹೊತ್ತು.

ಕಾಡಿನ ಬೆಂಕಿ ನಿಮ್ಮ ಬಾಗಿಲವರೆಗೂ ಬರಬೇಕಂತಿಲ್ಲ. ಮೈಲಿಯಾಚೆಯಿಂದ ಹಾರಿ ಬಂದ ಕಿಡಿ ಸಾಕು. ಹಾಗಾಗಿ ಗೋಡೆಯಿಂದ 5 ಅಡಿಯೊಳಗೆ ಉರಿಯುವಂಥದ್ದೇನೂ ಇರಬಾರದು ಅನ್ನುತ್ತದೆ ರಾಜ್ಯದ ಅಗ್ನಿಶಾಮಕ ಇಲಾಖೆ ಕ್ಯಾಲ್ ಫೈರ್. ಇದಕ್ಕೆ 'ಝೋನ್ ಝೀರೋ' ಅಂತ ಹೆಸರು. ನಮ್ಮ ಮನೆಯಲ್ಲಿ ಯುಗಾದಿಗೆ ಕಟ್ಟಿದ ಮಾವಿನ ತೋರಣ ಸೆಪ್ಟೆಂಬರ್‌ನಲ್ಲೂ ನೇತಾಡುತ್ತಿತ್ತು, ಮುಟ್ಟಿದರೆ ಪುಡಿ. ಕೆಳಗೆ ತೆಂಗಿನ ನಾರಿನ ಕಾಲೊರೆಸು. ತಪಾಸಣೆಗೆ ಬಂದವರು ಎರಡನ್ನೂ ಬೆರಳು ಮಾಡಿ ತೋರಿಸಿ ನಕ್ಕರು. ಬೇಲಿ ಮರದ್ದಾಗಿದ್ದರೆ ಮನೆಗೆ ತಾಗುವ ತುಂಡನ್ನಾದರೂ ಲೋಹದ್ದು ಮಾಡಿಸಿ. ಸೂರಿನ ದೋಣಿಯಲ್ಲಿ ತರಗೆಲೆ ಬಿಡಬೇಡಿ. ಗಾಳಿಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಬೇಕು. ಅಪಾಯ ಜಾಸ್ತಿ ಇರುವ ಜಾಗಗಳಲ್ಲಿ 100 ಅಡಿವರೆಗೆ, ಇಲ್ಲವೇ ನಿಮ್ಮ ಸೈಟಿನ ಗಡಿವರೆಗೆ, ಒಣಹುಲ್ಲು ಕತ್ತರಿಸಿ ಪೊದೆ ಸವರುವುದು ಕಾನೂನೇ.

ಇನ್ಶೂರೆನ್ಸ್ ಮನೆ ಕೊಳ್ಳುವ ಮೊದಲೇ ವಿಚಾರಿಸಿ. ಯಾರೂ ಕೊಡದಿದ್ದರೆ ಕೊನೆಗೆ 'ಫೇರ್ ಪ್ಲ್ಯಾನ್' ಅನ್ನುವ ಬೆಂಕಿ ವಿಮೆ ಇದೆ, ಆದರೆ ಕಳ್ಳತನದಂಥದ್ದಕ್ಕೆ ಬೇರೆ ಪಾಲಿಸಿ ಬೇಕು.

ನಮ್ಮವರು ಎಡವುವುದು ಎರಡು ಪದಗಳಲ್ಲಿ. 'ಇವ್ಯಾಕ್ಯುಯೇಷನ್ ಆರ್ಡರ್' ಅಂದರೆ ಈಗಲೇ ಹೊರಡಿ. 'ವಾರ್ನಿಂಗ್' ಅಂದರೆ ಸುಮ್ನೆ ಎಚ್ಚರಿಕೆ ಅಂದುಕೊಳ್ಳುತ್ತೇವೆ, ಅಲ್ವಾ? ವಯಸ್ಸಾದವರು, ಮಕ್ಕಳು, ನಾಯಿ ಬೆಕ್ಕು ಇರುವವರು ವಾರ್ನಿಂಗ್‌ಗೇ ಹೊರಡಬೇಕು. 2018ರ ನವೆಂಬರ್ 8ರಂದು ಪ್ಯಾರಡೈಸ್ ಊರಿಗೆ ಬೆಂಕಿ ನುಗ್ಗಿದಾಗ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ಸಿಕ್ಕಿಕೊಂಡವು. ಆ ಬೆಂಕಿಗೆ 85 ಜನ ಸತ್ತರು. ಕೌಂಟಿಯ ಅಲರ್ಟ್‌ಗೆ ಫೋನ್ ನಂಬರ್ ನೋಂದಾಯಿಸಿ, ಜನರನ್ನು ತೆರವು ಮಾಡಿಸಲು ಊರನ್ನು ಹಂಚಿರುವ ಝೋನ್‌ಗಳಲ್ಲಿ ನಿಮ್ಮದರ ನಂಬರ್ ಫ್ರಿಜ್ ಮೇಲೆ ಅಂಟಿಸಿ. ಪಾಸ್‌ಪೋರ್ಟ್, ವೀಸಾ ಕಾಗದ, ಅಪ್ಪ ಅಮ್ಮ ಊರಿಂದ ತಂದ ಮಾತ್ರೆ ಒಂದೇ ಬ್ಯಾಗಿನಲ್ಲಿರಲಿ.

ಇನ್ನೊಂದು ಮಾತು. ಗಾಳಿ ಜೋರಾದರೆ ಬೆಂಕಿ ಹತ್ತದಿರಲಿ ಅಂತ ವಿದ್ಯುತ್ ಕಂಪನಿಯವರೇ ಕರೆಂಟ್ ತೆಗೆಯುತ್ತಾರೆ. ಕರೆಂಟಿನಿಂದ ತೆರೆಯುವ ಹಳೆಯ ಗ್ಯಾರೇಜ್ ಬಾಗಿಲಿಗೆ ಬ್ಯಾಟರಿ ಇರುವುದಿಲ್ಲ, ಕಾರು ಒಳಗೇ ಉಳಿದುಬಿಡುತ್ತದೆ. ಒಳಗೆ ಮೇಲಿಂದ ಒಂದು ಕೆಂಪು ಹಗ್ಗ ನೇತಾಡುತ್ತಿರುತ್ತದೆ. ಅದನ್ನೆಳೆದು ಬಾಗಿಲನ್ನು ಕೈಯಲ್ಲೇ ಎತ್ತಬೇಕು. ಇವತ್ತೇ ಒಮ್ಮೆ ಎತ್ತಿ ನೋಡಿ, ಭಾರ ಇರುತ್ತದೆ.